ನೋಡಿದ್ದೇನೆ, ಸುರಕ್ಷಿತವಾಗಿದೆ

ಈ ಲೋಕದಲ್ಲಿ ಕೆಲವರ ಹಣೆಯಲ್ಲಿ ಅಧಿಕಾರವೇ ಬರೆದಿರುತ್ತದೆ. ಕೆಲವರ ಹಣೆಯಲ್ಲಿ ಅಧಿಕಾರಿಯ ಮಗಳಷ್ಟೇ. ಚಿಕ್ಕಬಾಣಾವರದ ಸುಬ್ರಮಣಿ ಎರಡನೆಯ ಪಂಗಡದವನು.

ಅವನ ಮಾವ ರಾಮಕೃಷ್ಣಪ್ಪನವರು ಯಲಹಂಕದಲ್ಲಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ಮುಖ್ಯೋಪಾಧ್ಯಾಯರೆಂದರೆ ಗೆಜೆಟೆಡ್ ಹುದ್ದೆ, ಗೆಜೆಟೆಡ್ ಎಂದರೆ ಹಸಿರು ಶಾಯಿ, ಹಸಿರು ಶಾಯಿ ಎಂದರೆ ಬೆಳಗಾಗುವಷ್ಟರಲ್ಲಿ ಜಗಲಿಯ ತುಂಬ ಜೆರಾಕ್ಸ್ ಹಿಡಿದ ಜನ. ಆ ಕಾಲದಲ್ಲಿ ಯಾವ ಅರ್ಜಿಯ ಜೊತೆಗೆ ಯಾವ ಪ್ರತಿ ಲಗತ್ತಿಸಿದರೂ ಅದರ ಮೇಲೆ ಗೆಜೆಟೆಡ್ ಅಧಿಕಾರಿಯೊಬ್ಬರ ದೃಢೀಕರಣ ಬೇಕಿತ್ತಷ್ಟೆ. ಬೇರೆ ಅಧಿಕಾರಿಗಳು ಕಾಫಿ ಕುಡಿಯುತ್ತಲೇ ಇಪ್ಪತ್ತು ಹಾಳೆಗೆ ಸಹಿ ಎಳೆಯುತ್ತಿದ್ದರು. ರಾಮಕೃಷ್ಣಪ್ಪನವರು ಮಾತ್ರ ಮೂಲ ಪ್ರತಿಯನ್ನು ಕೇಳಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಓದಿ, ಆಮೇಲೆ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಕಾದು ಕಾದು ಬಸ್ಸು ತಪ್ಪಿಸಿಕೊಂಡವರು ಅವರಿಗೆ 'ಒರಿಜಿನಲ್ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು.

ಸುಬ್ರಮಣಿ ಹೆಣ್ಣು ನೋಡಲು ಹೋದ ದಿನವೂ ಆ ಜಗಲಿಯಲ್ಲಿ ಏಳು ಜನರಿದ್ದರು. ಅವನ ತಂದೆ ತಾಯಿ ಆಟೋದವನ ಜೊತೆ ಚಿಲ್ಲರೆ ವಿಚಾರ ಮುಗಿಸಿ ಬರುವಷ್ಟರಲ್ಲಿ ಇವನು ಎಂಟನೆಯವನಾಗಿ ನಿಂತುಬಿಟ್ಟ. ಸರದಿ ಬಂದಾಗ ಭಾವೀ ಮಾವ ಕನ್ನಡಕದ ಮೇಲಿನಿಂದ ನೋಡಿ, "ಮೂಲ ತಂದಿದ್ದೀಯೇನಪ್ಪ?" ಎಂದರು. ಸುಬ್ರಮಣಿ ಜೇಬಿನಲ್ಲಿದ್ದ ತನ್ನ ಜಾತಕವನ್ನು ತೆಗೆದುಕೊಟ್ಟ. ಅದು ಜೆರಾಕ್ಸ್ ಪ್ರತಿ. ಮದುವೆಯೇನೋ ಆಯಿತು, ಶಶಿರೇಖಾ ಮನೆ ತುಂಬಿದಳು. ಆದರೆ ಆ ಒಂದು ಮಾತು ಅವನೊಳಗೆ ಹತ್ತೊಂಬತ್ತು ವರ್ಷ ಹಾಗೆಯೇ ಕೂತಿತ್ತು. ತನಗೂ ಒಂದು ಸಹಿ ಬೇಕು, ಆ ಸಹಿಗಾಗಿ ನಾಲ್ಕು ಜನ ಕಾಯಬೇಕು ಎಂಬುದು ಅವನ ಬಾಳಿನ ಒಂದೇ ಹರಕೆ. ದೇವರು ಹರಕೆಗಳನ್ನು ಮರೆಯುವುದಿಲ್ಲ, ಅದೇ ಕಷ್ಟ.

ಅವನ ಕಂಪನಿ ಯಶವಂತಪುರದಲ್ಲಿ ಟೈಲ್ಸ್ ಅಂಗಡಿಯೊಂದರ ಮೇಲಿನ ಎರಡು ಮಹಡಿಗಳಲ್ಲಿತ್ತು. ಕಲ್ಯಾಣಮಂಟಪ, ಆಸ್ಪತ್ರೆ, ಸಂಘ ಸಂಸ್ಥೆಗಳಿಗೆ ಬುಕಿಂಗ್ ಪ್ರೋಗ್ರಾಂ ಬರೆದುಕೊಡುವುದು ಅಲ್ಲಿಯ ಕಸುಬು. ಎರಡು ಸಾವಿರದ ಹದಿನೆಂಟರ ಯುಗಾದಿ ಕಳೆದ ಮೇಲೆ ಕಂಪನಿಯವರು ಹಳೆಯ ಕಂಪ್ಯೂಟರ್ ಭಾಷೆಯನ್ನು ಬಿಟ್ಟು ಹೊಸದೊಂದನ್ನು ಹಿಡಿದರು. ಯಾವ ಭಾಷೆಗೂ ಒಬ್ಬ ಕಂಪೈಲರ್ ಇರುತ್ತಾನೆ. ನಾವು ಬರೆದದ್ದನ್ನು ಪರೀಕ್ಷಿಸಿ ಯಂತ್ರಕ್ಕೆ ದಾಟಿಸುವ ಗುಮಾಸ್ತ ಎಂದಿಟ್ಟುಕೊಳ್ಳಿ. ಹಳೆಯ ಭಾಷೆಯ ಕಂಪೈಲರ್ ಸಂಕೋಚದ ಪ್ರಾಣಿ. ಏನು ಬರೆದುಕೊಟ್ಟರೂ ತಲೆ ತಗ್ಗಿಸಿ ಒಳಗೆ ಒಯ್ಯುತ್ತಿತ್ತು, ಅನಾಹುತವಾದ ಮೇಲೂ ತುಟಿ ಬಿಚ್ಚುತ್ತಿರಲಿಲ್ಲ. ಹೊಸ ಭಾಷೆಯದು ಹಾಗಲ್ಲ. ಅದು ತಾಲ್ಲೂಕು ಕಚೇರಿಯ ಶಿರಸ್ತೇದಾರ. ಪ್ರತಿಯೊಂದಕ್ಕೂ ತಕರಾರು, ತಕರಾರಿಗೆ ಕಾರಣ, ಕಾರಣಕ್ಕೆ ಸಾಲಿನ ಸಂಖ್ಯೆ, ಸಂಖ್ಯೆಯ ಕೆಳಗೆ ಕೆಂಪು ಗೆರೆ.

ಅದರಲ್ಲೂ ಒಂದು ವಿಷಯದಲ್ಲಿ ಅದರ ಮಡಿ ಯಾವ ಅಜ್ಜಿಗೂ ಕಡಿಮೆಯಿರಲಿಲ್ಲ. ಈಗಿನ ಪ್ರೋಗ್ರಾಮಿಗೆ ಕೈ ಒಂದಲ್ಲ, ಹತ್ತು. ಎಲ್ಲ ಕೈಗಳೂ ಏಕಕಾಲಕ್ಕೆ ಕೆಲಸ ಮಾಡುತ್ತವೆ. ಒಂದು ಪಟ್ಟಿಯನ್ನು ನೋಡಲು ನೂರು ಕೈ ಬರಲಿ, ಕಂಪೈಲರಿನ ಅಡ್ಡಿಯಿಲ್ಲ. ತಿದ್ದಲು ಮಾತ್ರ ಒಂದೇ ಕೈ ಬರಬೇಕು, ಅದು ತಿದ್ದಿ ಮುಗಿಸುವ ತನಕ ಬೇರೆ ಯಾವ ಕೈಯೂ ಸೋಕಬಾರದು. ಹಾಗಿಲ್ಲದ ಸಾಲು ಕಂಡರೆ ಅದು ಪ್ರೋಗ್ರಾಮನ್ನೇ ಬಾಗಿಲಲ್ಲಿ ನಿಲ್ಲಿಸಿ, 'ಇಲ್ಲಿ ಇಬ್ಬರು ಒಂದೇ ಗಳಿಗೆಯಲ್ಲಿ ಬರೆಯುವ ಸಂಭವವಿದೆ, ಬೀಗ ಹಾಕಿರಿ' ಎನ್ನುತ್ತಿತ್ತು.

ಬೀಗ ಹಾಕುವುದು ಶ್ರಮದ ಕೆಲಸ. ನಾಲ್ಕು ಕಡೆ ಬದಲಿಸಬೇಕು. ಅದನ್ನು ದಾಟಲು ಭಾಷೆಯೇ ಒಂದು ಹಿತ್ತಿಲ ಬಾಗಿಲು ಇಟ್ಟಿತ್ತು. 'ಇದಕ್ಕೆ ನಾನು ಹೊಣೆ' ಎಂದು ಆವರಣ ಕಟ್ಟಿ ಅದರೊಳಗೆ ಬರೆದರೆ ಕಂಪೈಲರ್ ಮರುಮಾತಾಡದೆ ಬಿಡುತ್ತಿತ್ತು. ಕಂಪನಿಯವರು ಅದಕ್ಕೊಂದು ನಿಯಮ ಸೇರಿಸಿದ್ದರು: ಆವರಣದ ಮೇಲೆ 'ನೋಡಿದ್ದೇನೆ, ಸುರಕ್ಷಿತವಾಗಿದೆ' ಎಂದು ಟಿಪ್ಪಣಿ ಬರೆದು, ನೋಡಿದವರು ಹೆಸರು ಹಾಕಬೇಕು. ಹುಡುಗರು ಬುದ್ಧಿವಂತರು. ಹೆಸರು ಹಾಕಲು ಒಬ್ಬನೂ ಮುಂದೆ ಬರಲಿಲ್ಲ.

ಒಂದು ಶುಕ್ರವಾರ ಸಂಜೆ ತಂಡದ ಮುಖ್ಯಸ್ಥ ರವಿಕಿರಣ, ಗದಗಿನ ಹುಡುಗ, ಊರಿಗೆ ಹೊರಡುವ ರೈಲಿಗೆ ಐವತ್ತು ನಿಮಿಷವಿರುವಾಗ ಸುಬ್ರಮಣಿಯ ಮೇಜಿಗೆ ಬಂದ. ಮಾಕಳಿಯ ಆಚೆ ಟ್ರಸ್ಟೊಂದು ವಿದ್ಯುತ್ ಚಿತಾಗಾರ ಕಟ್ಟಿಸಿತ್ತು. ಅದರ ಬುಕಿಂಗ್ ಪ್ರೋಗ್ರಾಂ ಅಂದೇ ಕಳಿಸಬೇಕು. ಕಂಪೈಲರ್ ಒಂದು ಸಾಲಿಗೆ ಅಡ್ಡ ಮಲಗಿದೆ. ಹಿರಿಯರು ನೀವು, ನಿಮ್ಮ ಹೆಸರು ಹಾಕಿದರೆ ಒಂದು ತೂಕ ಇರುತ್ತದೆ ಎಂದ. 'ತೂಕ' ಎಂಬ ಮಾತು ಸುಬ್ರಮಣಿಯ ಕಿವಿಯಲ್ಲಿ ದೇವಸ್ಥಾನದ ಗಂಟೆಯ ಹಾಗೆ ಬಿತ್ತು. ಆ ಆಫೀಸಿನಲ್ಲಿ ನಲವತ್ತೈದು ದಾಟಿದವನು ಅವನೊಬ್ಬನೇ. ಈ ತನಕ ಹಿರಿಯ ಎಂದು ಕರೆಸಿಕೊಂಡದ್ದು ಲಿಫ್ಟು ಕೆಟ್ಟಾಗ ಮಾತ್ರ.

ಪರದೆಯ ಮೇಲೆ ಕಂಪೈಲರಿನ ತಕರಾರು ಹದಿನೆಂಟು ಸಾಲಿತ್ತು. ಸುಬ್ರಮಣಿ ಮೊದಲ ಸಾಲು ಓದಿದ. ಎರಡನೆಯದರಲ್ಲಿ ಎರಡು ಬಾಣಗಳಿದ್ದವು. ಕೊನೆಗೆ 'ಸಹಾಯ' ಎಂಬ ಶೀರ್ಷಿಕೆಯ ಕೆಳಗೆ ಏನೋ ಉಪದೇಶವಿತ್ತು. ಕೇಳದೆ ಸಹಾಯಕ್ಕೆ ಬರುವವರನ್ನು ನಂಬಬಾರದೆಂದು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಯಾರಿಗೂ ಹೇಳಿಕೊಡಬೇಕಿಲ್ಲ. ಅವನು ಟಿಪ್ಪಣಿ ಟೈಪು ಮಾಡಿ ಹೆಸರು ಹಾಕಿದ. ಆಗ ನೋಡಿ, ಆ ಪರದೆಯ ಏರ್ಪಾಡೋ ಪೂರ್ವಜನ್ಮದ ಸುಕೃತವೋ, ಟಿಪ್ಪಣಿಯ ಅಕ್ಷರಗಳೆಲ್ಲ ಹಸಿರಾದವು.

ಹಸಿರು. ಸುಬ್ರಮಣಿ ಐದು ನಿಮಿಷ ಕೈಕಟ್ಟಿ ನೋಡಿದ. ಹದಿನೆಂಟು ಸಾಲಿನ ತಕರಾರು ತನ್ನ ಒಂದು ಹಸಿರು ಸಾಲಿಗೆ ಬಾಯಿ ಮುಚ್ಚಿತ್ತು.

ಅಲ್ಲಿಂದ ಮುಂದೆ ಅವನ ಮೇಜಿನ ಬಳಿ ಸಾಲು ಹತ್ತಿತು. ಆಸ್ಪತ್ರೆಯ ಪಟ್ಟಿಗೆ ಇಬ್ಬರ ಕೈ ಬೀಳುತ್ತದೆಯೇ? ಸುಬ್ರಮಣಿ ಸಾರ್ ಇದ್ದಾರೆ. ಕಲ್ಯಾಣಮಂಟಪದ ದಿನಾಂಕವನ್ನು ಒಬ್ಬ ಓದುವಾಗ ಇನ್ನೊಬ್ಬ ಅಳಿಸುತ್ತಾನೆಯೇ? ಸಾರ್ ಹತ್ತಿರ ಹೋಗು ಗುರು. ಪಕ್ಕದ ಮೇಜಿನ ಮುಜಫ್ಫರ್ ಒಮ್ಮೆ ಮೆಲ್ಲಗೆ, ಸಾರ್, ಒಂದ್ಸಲ ಓದಿ ನೋಡೋಣ್ವಾ ಎಂದಿದ್ದ. ಅವನಿಗೆ ಅಧಿಕಾರದ ರೀತಿ ನೀತಿ ತಿಳಿಯದೆಂದು ಸುಬ್ರಮಣಿ ಮರುಕಪಟ್ಟ. ಮೂರು ತಿಂಗಳಲ್ಲಿ ಹಸಿರು ಟಿಪ್ಪಣಿಗಳು ಇನ್ನೂರ ಹದಿನಾಲ್ಕಾದವು.

ಇಂಥ ಏಳಿಗೆಯನ್ನು ಮನೆಯಲ್ಲಿ ಹೇಳದೆ ಯಾರಿರುತ್ತಾರೆ. ಆಫೀಸಿನಲ್ಲಿ ತನ್ನ ಸಹಿಯಿಲ್ಲದೆ ಒಂದು ಸಾಲೂ ಮುಂದಕ್ಕೆ ಹೋಗದು ಎಂದು ಶಶಿರೇಖಾಳಿಗೆ ಹೇಳಿದ. ಅವಳು ಹಾಲು ತರಲು ಹೋದಲ್ಲಿ ಯಾರಿಗೋ ಹೇಳಿದಳು. ಮಾತು ಎರಡನೆಯ ಅಡ್ಡರಸ್ತೆ ದಾಟುವಷ್ಟರಲ್ಲಿ ಸುಬ್ರಮಣಿಗೆ ಸಹಿಯ ಅಧಿಕಾರ ಬಂದಿತ್ತು, ನಾಲ್ಕನೆಯದನ್ನು ದಾಟುವಷ್ಟರಲ್ಲಿ ಗೆಜೆಟ್ಟಿನಲ್ಲಿ ಹೆಸರು ಬಂದಿತ್ತು. ಭಾನುವಾರ ಬೆಳಿಗ್ಗೆ ಹಿಂದಿನ ಮನೆಯ ಆನಂದಪ್ಪನವರು ಮೊಮ್ಮಗಳ ಅಂಕಪಟ್ಟಿಯ ಜೆರಾಕ್ಸ್ ಹಿಡಿದು ಗೇಟಿನಲ್ಲಿ ನಿಂತಿದ್ದರು.

ತನಗೆ ಆ ಅಧಿಕಾರವಿಲ್ಲ ಎಂದು ಹೇಳಲು ಸುಬ್ರಮಣಿ ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಆನಂದಪ್ಪನವರು, ಕಾಯ್ತೀನಿ ಬಿಡಿ ಸಾರ್, ಪೂಜೆ ಮುಗಿಸ್ಕೊಂಡೇ ಬನ್ನಿ ಎಂದು ಮೆಟ್ಟಿಲ ಮೇಲೆ ಕುಳಿತರು. ಕಾಯುತ್ತೇನೆ ಎನ್ನುವವರನ್ನು ವಾಪಸು ಕಳಿಸುವ ಶಕ್ತಿ ಆ ಬಡಪಾಯಿಗೆ ಇರಲಿಲ್ಲ. ಸಹಿ ಹಾಕಿದ. ಕಾಲೇಜಿನಲ್ಲಿ ಅದನ್ನು ಯಾರೂ ಓದದೆ ತೆಗೆದುಕೊಂಡರು. ಮುಂದಿನ ಭಾನುವಾರ ನಾಲ್ವರು ಬಂದರು.

ಸುದ್ದಿ ಯಲಹಂಕ ತಲುಪಿತು. ಅಳಿಯನಿಗೆ ಕರೆ ಬಂತು.

ರಾಮಕೃಷ್ಣಪ್ಪನವರಿಗೆ ಆಗ ಎಪ್ಪತ್ತಾರು, ಉಸಿರಾಟದ ತೊಂದರೆ, ದಿಂಬಿಗೊರಗಿ ಕೂತೇ ನಿದ್ದೆ. ಬೈಯುತ್ತಾರೆಂದು ಸುಬ್ರಮಣಿ ಹೊರಗೆ ಚಪ್ಪಲಿಯನ್ನು ಅರ್ಧ ಕಾಲಿಗೆ ಸಿಕ್ಕಿಸಿಕೊಂಡೇ ನಿಂತಿದ್ದ. ಅವರು ಬೈಯಲಿಲ್ಲ. ನೀವು ಸಹಿ ಹಾಕುವ ಕಾಗದ ಯಾವುದು, ನೋಡೋಣ ಎಂದರು. ಸುಬ್ರಮಣಿ ಲ್ಯಾಪ್‌ಟಾಪ್ ತೆರೆದು, ಚಿತಾಗಾರದ ಪ್ರೋಗ್ರಾಮಿನ ಆ ಮೊದಲ ಆವರಣ ತೆಗೆದು, ಅಡಗಿದ್ದ ತಕರಾರನ್ನು ಮತ್ತೆ ಎಬ್ಬಿಸಿ ತೋರಿಸಿದ. ಅವರು ಕನ್ನಡಕ ಒರೆಸಿಕೊಂಡು ಪರದೆಯ ಮೇಲೆ ಬೆರಳಿಟ್ಟರು. ಹದಿನೆಂಟು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಗೊತ್ತಾಗದ ಪದಕ್ಕೆ ಅರ್ಥ ಕೇಳಿದರು. ಹೇಳಲು ಅಳಿಯನಿಗೂ ಗೊತ್ತಿರಲಿಲ್ಲ.

"ಇದನ್ನ ಬರ್ದೋನು ಸರಿಯಾಗೇ ಹೇಳ್ತಿದಾನಲ್ರೀ," ಎಂದರು ಕೊನೆಗೆ. "ಫೋನಲ್ಲಿ ಬರೆಯೋನೊಬ್ಬ, ಕೌಂಟರಲ್ಲಿ ಬರೆಯೋನೊಬ್ಬ. ಪುಸ್ತಕ ಒಂದೇ. ಇಬ್ಬರೂ ಒಂದೇ ಖಾಲಿ ಜಾಗ ನೋಡ್ತಾರೆ, ಇಬ್ಬರೂ ಅಲ್ಲೇ ಬರೀತಾರೆ. ಬೀಗ ಹಾಕು ಅಂತ ಕೆಳಗೆ ಬರ್ದೂ ಇದಾನೆ. ಯಾಕೆ ಹಾಕಲಿಲ್ಲ?"

ರವಿಕಿರಣನ ರೈಲಿನ ವಿಷಯ ಹೇಳಲಾಗದೆ ಸುಬ್ರಮಣಿ ಲೆಕ್ಕದ ಮೊರೆ ಹೊಕ್ಕ. ಹಾಗಾಗುವುದು ಲಕ್ಷಕ್ಕೊಂದು ಸಲ, ಇಬ್ಬರೂ ಅದೇ ಕ್ಷಣದಲ್ಲಿ ಬರಬೇಕು ಎಂದ.

"ಸಾವು ಲಕ್ಷಕ್ಕೆ ಲಕ್ಷ ಜನಕ್ಕೂ ಬರುತ್ತೆ, ಅಳಿಯಂದಿರೇ," ಎಂದರು ಮಾವ. ಆಮೇಲೆ ಆ ಗುಮಾಸ್ತ ಯಾವ ಊರಿನವನು, ಸಂಬಳ ಸರಿಯಾಗಿ ಕೊಡುತ್ತಾರೆಯೇ ಎಂದು ವಿಚಾರಿಸಿದರು. ಅದು ಮನುಷ್ಯನಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ನಂಬಿಕೆಯಾಗಲಿಲ್ಲ. ಇಷ್ಟು ಶ್ರದ್ಧೆಯಿಂದ ಬರೆಯುವವನು ಮನುಷ್ಯನೇ ಇರಬೇಕು, ಅವನ ಮಾತು ಕೇಳಿ ಎಂದರು. ಸೋಮವಾರವೇ ಸರಿಪಡಿಸುತ್ತೇನೆ ಎಂದು ಸುಬ್ರಮಣಿ ಮಾತು ಕೊಟ್ಟ.

ಸೋಮವಾರ ಆಸ್ಪತ್ರೆಯವರದು ಕಳಿಸಬೇಕಿತ್ತು. ಮರುಸೋಮವಾರ ಕಲ್ಯಾಣಮಂಟಪದವರದು. ಅದರ ಮುಂದಿನ ಸೋಮವಾರ ಸರ್ಕಾರಿ ರಜೆ.

ಹೀಗಿರಲಾಗಿ, ಒಂದು ಗುರುವಾರ ಬೆಳಗಿನ ಜಾವ ರಾಮಕೃಷ್ಣಪ್ಪನವರು ದಿಂಬಿಗೊರಗಿದ ಹಾಗೆಯೇ ಹೋದರು.

ಹೂಳಿ ನೆಲ ಹಿಡಿಸಬೇಡಿ, ಸುಟ್ಟುಬಿಡಿ ಎಂದು ಅವರು ಮೊದಲೇ ಬರೆದಿಟ್ಟಿದ್ದರು. ಹತ್ತಿರದ ಚಿತಾಗಾರದಲ್ಲಿ ದುರಸ್ತಿ ನಡೆದಿತ್ತು. ಆಗ ಶೋಕದ ನಡುವೆಯೂ ಬಂಧುಗಳಿಗೆ ಒಂದು ಹೆಮ್ಮೆಯ ವಿಷಯ ಹೊಳೆಯಿತು: ಮಾಕಳಿಯ ಆಚೆ ಹೊಸದಿದೆ, ನಮ್ಮ ಅಳಿಯನ ಆಫೀಸಿನವರೇ ಅದರ ಕಂಪ್ಯೂಟರ್ ಮಾಡಿದ್ದು. ಮಗ ನಂದಕುಮಾರ್, ಹೆಬ್ಬಾಳದಲ್ಲಿ ಔಷಧಿ ಅಂಗಡಿ ಇಟ್ಟವನು, ಕಣ್ಣೊರೆಸಿಕೊಳ್ಳುತ್ತಲೇ ಫೋನಿನಲ್ಲಿ ಬುಕ್ ಮಾಡಿದ. ಆ ವಾರದ ಕ್ರಮಸಂಖ್ಯೆ ಹದಿನೇಳು, ಮಧ್ಯಾಹ್ನ ಹನ್ನೆರಡು ಗಂಟೆ ಎಂದು ಸಂದೇಶ ಬಂತು. ಒಂದೂವರೆಗೆ ರಾಹುಕಾಲ, ಅದಕ್ಕೆ ಮೊದಲೇ ಎಲ್ಲ ಮುಗಿಯುತ್ತದೆ, ಪುಣ್ಯವಂತರು ಎಂದರು ಎಲ್ಲರೂ.

ಲಾರಿಗಳ ಸಾಲು ದಾಟಿ ಅವರು ತಲುಪಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಅಂಗಳದಲ್ಲಿ ಇನ್ನೊಂದು ಗಾಡಿ ನಿಂತಿತ್ತು. ಅದರ ಸುತ್ತ ಇನ್ನೊಂದಷ್ಟು ಜನ. ಕಚೇರಿಯ ಮೇಲಿದ್ದ ಫಲಕದಲ್ಲಿ ಹದಿನೇಳು ಎಂದು ಕೆಂಪಗೆ ಉರಿಯುತ್ತಿತ್ತು. ಎರಡು ಗಾಡಿಯ ಜನರೂ ಒಟ್ಟಿಗೆ ಎದ್ದರು.

ಕಚೇರಿಯ ಮಜೀದ್ ನಯವಾದ ಮನುಷ್ಯ. ಆ ಕೆಲಸಕ್ಕೆ ಬಂದ ಮೇಲೆ ದನಿಯೇ ಇಳಿದುಹೋಗಿತ್ತು. ಫೋನಿನ ಸಂದೇಶವನ್ನೂ ಕೌಂಟರಿನ ಚೀಟಿಯನ್ನೂ ಮೇಜಿನ ಮೇಲಿಟ್ಟು ನೋಡಿದ. ಎರಡರಲ್ಲೂ ಹದಿನೇಳು, ಎರಡರಲ್ಲೂ ಹನ್ನೆರಡು ಗಂಟೆ, ಬುಕಿಂಗ್ ಆದ ಹೊತ್ತು ಸೆಕೆಂಡೂ ಬಿಡದೆ ಒಂದೇ. ನಂದಕುಮಾರ್ ಫೋನಿನಲ್ಲಿ, ಆ ಕಡೆಯ ದೊಡ್ಡ ಮಗ ಕೌಂಟರಿನಲ್ಲಿ. "ಸಾರ್," ಎಂದ ಮಜೀದ್, "ಕಂಪ್ಯೂಟರ್ ಇಬ್ಬರಿಗೂ ಹೂಂ ಅಂದಿದೆ. ಒಲೆ ಇರೋದು ಒಂದೇ."

ಹಾಗಾದರೆ ಯಾರು ಮೊದಲು ಎಂಬ ಜಿಜ್ಞಾಸೆ ಹುಟ್ಟಿತು. ಸುಬ್ರಮಣಿಯ ಚಿಕ್ಕಮಾವ, ಎಂದರೆ ತೀರಿಹೋದವರ ತಮ್ಮ, ನಮ್ಮಣ್ಣ ಗೆಜೆಟೆಡ್ ಎಂದರು. ನಮ್ಮಪ್ಪ ವಯಸ್ಸಿನಲ್ಲಿ ದೊಡ್ಡೋನು ಎಂದರು ಆ ಕಡೆಯವರು. ಎಷ್ಟು ಎಂದರೆ, ಯಾರು ಬರೆದಿಟ್ಟಿದ್ದಾರೆ, ಮಾಕಳಿಯ ಕೆರೆ ಎರಡು ಸಲ ಕೋಡಿ ಬಿದ್ದದ್ದು ನೋಡಿದ್ದರು ಎಂದರು. ಹಾಗಾದರೆ ಮೊದಲು ಜೀವ ಹೋದದ್ದು ಯಾರದು ಎಂಬ ಲೆಕ್ಕ ಬಂತು. ನಮ್ಮವರದು ಐದೂ ಹತ್ತಕ್ಕೆ ಎಂದು ಇವರು. ನಮ್ಮದು ಹಾಲಿನವನು ಬರುವ ಮುಂಚೆ ಎಂದು ಅವರು. ನಿಮ್ಮ ಹಾಲಿನವನು ಎಷ್ಟಕ್ಕೆ ಬರುತ್ತಾನೆ, ಕರೆಸಿ ಎಂದರು ಚಿಕ್ಕಮಾವ. ಹಾಲಿನವನಿಗೆ ಫೋನು ಹೋಯಿತು. ಅವನು ಇವತ್ತು ನಾನು ಬರಲೇ ಇಲ್ಲವಲ್ಲ ಎಂದುಬಿಟ್ಟ. ಗಾಡಿಗಳೊಳಗೆ ಇಬ್ಬರು ಹಿರಿಯರೂ ಯಾವ ವಾದಕ್ಕೂ ಕಿವಿಗೊಡದೆ ಮಲಗಿದ್ದರು. ಮೋಡ ಕವಿದಿತ್ತು, ಆದರೂ ಸೆಖೆ.

ಮಜೀದ್ ಬೇರೆ ದಾರಿ ಕಾಣದೆ ಸಹಾಯವಾಣಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಅತ್ತ ಕಡೆ ರವಿಕಿರಣ. ಸ್ವಲ್ಪ ಹೊತ್ತು ಕೀಲಿಗಳ ಟಕಟಕ ಕೇಳಿಸಿತು. ಆಮೇಲೆ ಅವನ ದನಿ ಅಂಗಳದ ತುಂಬ ಹರಡಿತು:

"ಹಂಗಾಗಾಕ ಬರಂಗಿಲ್ರೀ. ಇಲ್ಲಿ ನಮ್ಮ ಸುಬ್ರಮಣಿ ಸರ್ ಸಹಿ ಐತಿ. ನೋಡಿದ್ದೇನೆ, ಸುರಕ್ಷಿತವಾಗಿದೆ ಅಂತ ಬರದಾರ."

ಭೂಮಿ ಬಾಯಿ ಬಿಡಲೆಂದು ಸುಬ್ರಮಣಿ ಬೇಡಿಕೊಂಡ. ಭೂಮಿ ಬಿಡಲಿಲ್ಲ, ಚಿಕ್ಕಮಾವ ಬಿಟ್ಟರು. ಅವರ ಮುಖದ ಮೇಲೆ ಸೂರ್ಯೋದಯವಾಗಿತ್ತು. ಕೇಳಿದಿರಾ, ಇಲ್ಲಿಯ ಸಹಿಯೂ ನಮ್ಮ ಅಳಿಯಂದೇ ಎಂದು ಎರಡು ಗುಂಪಿಗೂ ಸಾರಿದರು. ಮೂರು ತಿಂಗಳಿಂದ ಬೆಳೆದ ಕೀರ್ತಿ ಆ ಅಂಗಳದಲ್ಲಿ ಹೂವಾಗಿ ಅರಳಿತು. ಸಹಿಯ ಅಧಿಕಾರಿಯೇ ಇಲ್ಲಿ ನಿಂತಿರುವಾಗ ನಾವು ಹಾಲಿನವನನ್ನು ಕೇಳುವುದೇ ಎಂದರು ಇನ್ನೊಬ್ಬರು. ಮಜೀದ್ ಕುರ್ಚಿ ಬಿಟ್ಟು ಎದ್ದು ನಿಂತ. ಯಾರು ಮೊದಲೆಂದು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿಕೊಟ್ಟರೆ ತನಗೂ ಆಧಾರ ಸಿಗುತ್ತದೆ ಎಂದ. ಚಿಕ್ಕಮಾವ ಕಾಗದ ತಂದು, ಒಕ್ಕಣೆಯನ್ನು ತಾವೇ ಬರೆದು, ಪೆನ್ನನ್ನು ಅಳಿಯನ ಕೈಗಿಟ್ಟರು.

ಸುಬ್ರಮಣಿ ಪೆನ್ನು ಹಿಡಿದುಕೊಂಡೇ ಹೇಳಿದ: "ಆ ಸಹಿ ಸುಳ್ಳು, ಮಾವ. ನಾನು ಓದ್ದೇನೇ ಹಾಕಿದ್ದು. ಮಷೀನು ಬೇಡ ಅಂತ ಹದಿನೆಂಟು ಸಾಲು ಬರ್ದು ಹೇಳಿತ್ತು. ಇವತ್ತು ಇದಾಗಿರೋದು ನನ್ನಿಂದ."

ಒಬ್ಬನೇ ಒಬ್ಬನೂ ನಂಬಲಿಲ್ಲ. ಪಾಪ, ಮಾವನೆಂದರೆ ಪ್ರಾಣ ಎಂದು ಒಬ್ಬರು ಬೆನ್ನು ತಟ್ಟಿದರು. ದುಃಖದಲ್ಲಿ ಲೋಕದ ತಪ್ಪನ್ನೆಲ್ಲ ತಲೆಗೆ ಹಾಕಿಕೊಳ್ಳುತ್ತಾನೆ, ನೀರು ಕೊಡಿ ಎಂದು ಇನ್ನೊಬ್ಬರು. ನೀರು ಬಂತು. ಅವನು ಮತ್ತೊಮ್ಮೆ ಹೇಳಿದ. ಗ್ಲೂಕೋಸ್ ಬಂತು. ಮಷೀನು ಬರೆದು ಹೇಳಿತಂತೆ ಎಂದು ಹೆಂಗಸರ ಕಡೆ ಯಾರೋ ಬಿಕ್ಕಿದರು. ಅಳಿಯನ ತಲೆಯೇ ಕೆಡುತ್ತಿದೆ ಎಂಬ ಭಯ ಅವರಿಗೆ. ತಪ್ಪೊಪ್ಪಿಕೊಳ್ಳುವುದು ಕಷ್ಟವೆಂದು ಹರಿಕಥೆಗಳಲ್ಲಿ ಕೇಳಿದ್ದೇವೆ. ಒಪ್ಪಿಸುವುದು ಅದಕ್ಕಿಂತ ಕಷ್ಟ.

ಶಶಿರೇಖಾ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು.

ಆ ಕಡೆಯ ಗಾಡಿಯ ನೆರಳಿನಲ್ಲಿ ನೆಲದ ಮೇಲೆ ಕುಳಿತಿದ್ದ ಮುದುಕಿ ಎದ್ದು ಬಂದಳು. ಮುನಿವೆಂಕಟಮ್ಮ ಎಂದು ಹೆಸರು. ಗಾಡಿಯಲ್ಲಿದ್ದುದು ಅವಳ ಗಂಡ. ಮಕ್ಕಳು ಹೂಳಲು ಅಂಗೈಯಗಲ ನೆಲವನ್ನೂ ಉಳಿಸಿರಲಿಲ್ಲ, ಎಲ್ಲ ಲೇಔಟ್ ಆಗಿತ್ತು. ಅದಕ್ಕೇ ಇಲ್ಲಿಗೆ ತಂದಿದ್ದರು. ಅವಳು ಸುಬ್ರಮಣಿಯ ಎದುರು ನಿಂತು, ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಕೇಳಿದಳು.

"ನೋಡ್ದೇ ನೋಡಿವ್ನಿ ಅಂದ್ಯೇನಪ್ಪ?"

"ಹೂನಮ್ಮ."

"ನೋಡ್ಬೇಕಾಗಿತ್ತು ಕಣಪ್ಪ," ಎಂದಳು. ಅಷ್ಟೇ. ಶಾಪ ಹಾಕಲಿಲ್ಲ, ಅಳಲಿಲ್ಲ. ಇಂಗಾದ್ಮ್ಯಾಲೆ ಏನ್ ಮಾಡಕಾಯ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಹೋಗಿ ಮತ್ತೆ ಆ ನೆರಳಿನಲ್ಲಿಯೇ ಕುಳಿತಳು.

ಸುಬ್ರಮಣಿ ಕೈಲಿದ್ದ ಕಾಗದವನ್ನು ಓದತೊಡಗಿದ. ಆರು ಸಾಲಿನ ಒಕ್ಕಣೆ. ಎರಡು ಗುಂಪೂ ಕಾದವು. ಮೊದಲಿನಿಂದ ಕೊನೆಗೆ ಓದಿ, ಮತ್ತೆ ಮೊದಲಿಗೆ ಬಂದ. ಏನ್ರೀ, ಸಹಿ ಹಾಕಲು ಮುಹೂರ್ತ ಬೇಕೇ ಎಂದು ಚಿಕ್ಕಮಾವ ಗಡಿಯಾರ ತೋರಿಸಿದರು, ಹನ್ನೆರಡೂ ಇಪ್ಪತ್ತು. ಅವನು ಆ ಒಕ್ಕಣೆಯಲ್ಲಿ ಎರಡು ಪದ ಹೊಡೆದು, ಮೇಲೆ ಬೇರೆ ಎರಡು ಪದ ಬರೆದು, ಕೆಳಗೆ ಹೆಸರು ಹಾಕಿ ಮಜೀದನಿಗೆ ಕೊಟ್ಟ. ಮಜೀದ್ ತನ್ನ ಇಳಿದ ದನಿಯಲ್ಲಿ ಓದಿದ: ಮುನಿವೆಂಕಟಮ್ಮನವರ ಯಜಮಾನರದು ಮೊದಲು.

ಆಮೇಲೆ ನಡೆದದ್ದನ್ನು ವಿಸ್ತರಿಸಿ ಹೇಳಬೇಕಿಲ್ಲ. ಅಳಿಯನಿಗೆ ಏನು ಹಕ್ಕು ಎಂದು ಕೇಳಿದವರೇ ಎರಡು ನಿಮಿಷದ ಹಿಂದೆ ಪೆನ್ನು ಕೊಟ್ಟಿದ್ದರು. ಆದರೆ ಕಾಗದ ಮಜೀದನ ಕಡತ ಸೇರಿಯಾಗಿತ್ತು, ಆ ಕಡೆಯವರು ಚಟ್ಟಕ್ಕೆ ಹೆಗಲು ಕೊಟ್ಟಾಗಿತ್ತು. ಮುಗಿದು, ಒಲೆ ಆರಿ, ಮತ್ತೆ ಕಾಯುವಷ್ಟರಲ್ಲಿ ಎರಡೂ ಕಾಲು. ರಾಹುಕಾಲದ ನಟ್ಟನಡುವೆ ರಾಮಕೃಷ್ಣಪ್ಪನವರ ಸರದಿ ಬಂತು. ಫಲಕ ಆಗಲೂ ಹದಿನೇಳನ್ನೇ ತೋರಿಸುತ್ತಿತ್ತು. ಮಜೀದ್ ಸ್ಟೂಲು ಹತ್ತಿ ವೈರು ಕಿತ್ತ.

ನಂದಕುಮಾರ್ ಒದ್ದೆ ಬಟ್ಟೆಯಲ್ಲಿ ಹೊರಗೆ ಬಂದು ಸುಬ್ರಮಣಿಯ ಹತ್ತಿರ ನಿಂತ. "ಭಾವ," ಎಂದ, "ನಮ್ಮಪ್ಪ ಕೊನೇಲಿ ಕಾಯ್ಬೇಕಾಗಿತ್ತಾ?" ಉತ್ತರಕ್ಕೆ ನಿಲ್ಲದೆ ಹೋದ. ಅಂದಿನಿಂದ ಅವನು ಭಾವನ ಜೊತೆ ಮಾತಾಡಿಲ್ಲ.

ಹನ್ನೊಂದನೆಯ ದಿನ ಬಂಧುಗಳೆಲ್ಲ ಕೂಡಿ ತೀರ್ಪು ಕೊಟ್ಟರು. ಕಂಪ್ಯೂಟರಿನ ತಪ್ಪಿಗೆ ಸುಬ್ರಮಣಿಯನ್ನು ದೂರುವುದು ಮಹಾಪಾಪ. ಅದು ಯಂತ್ರ, ಅದರ ಕರ್ಮ. ಆದರೆ ಅಧಿಕಾರ ಕೈಯಲ್ಲಿದ್ದೂ ಸ್ವಂತ ಮಾವನ ಸರದಿಯನ್ನು ಕಂಡವರಿಗೆ ಬರೆದುಕೊಟ್ಟದ್ದಕ್ಕೆ ಕ್ಷಮೆಯಿಲ್ಲ. ಹೀಗೆ, ಮಾಡಿದ ತಪ್ಪಿಗೆ ಅವನಿಗೆ ಗ್ಲೂಕೋಸ್ ಸಿಕ್ಕಿತು, ಮಾಡಿದ ಒಂದು ಸರಿಗೆ ಬಹಿಷ್ಕಾರ ಸಿಕ್ಕಿತು. ಊಟಕ್ಕೆ ಅವನ ಎಲೆಯನ್ನು ಕಂಬದ ಹಿಂದೆ ಹಾಕಿದ್ದರು. ಆನಂದಪ್ಪನವರು ದೂರದಿಂದಲೇ ಕೈ ಮುಗಿದು, ಸ್ವಂತದವರಿಗೇ ಆಗದ ಸಹಿ ನಮಗೇನಾದೀತು ಎಂದು ಪಕ್ಕದವರಿಗೆ ಹೇಳುತ್ತಿದ್ದುದು ಕೇಳಿಸಿತು.

ಆಫೀಸಿನಲ್ಲೂ ಅವನ ತಪ್ಪು ಬಿಕರಿಯಾಗಲಿಲ್ಲ. ಟ್ರಸ್ಟಿನವರಿಗೆ 'ಸರ್ವರ್ ತೊಂದರೆ' ಎಂದು ಪತ್ರ ಹೋಗಿತ್ತು. ಹಿಂದಿನವರು ವಿಧಿ ಎನ್ನುತ್ತಿದ್ದುದನ್ನು ಈಗಿನವರು ಸರ್ವರ್ ಎನ್ನುತ್ತಾರೆ. ಸುಬ್ರಮಣಿ ಯಾರನ್ನೂ ಕೇಳದೆ ಮೊದಲು ಚಿತಾಗಾರದ ಸಾಲಿಗೆ ಬೀಗ ಹಾಕಿದ. ಮುಜಫ್ಫರ್ ಪಕ್ಕದಲ್ಲಿ ಕೂತು ತೋರಿಸಿಕೊಟ್ಟ. ಆಮೇಲೆ ಉಳಿದ ತನ್ನ ಹಸಿರು ಟಿಪ್ಪಣಿಗಳನ್ನೆಲ್ಲ, ಅವುಗಳ ಆವರಣಗಳ ಸಮೇತ, ಒಂದೂ ಬಿಡದೆ ಅಳಿಸಿದ. ಮೂರು ತಿಂಗಳು ಬಾಯಿ ಕಟ್ಟಿಸಿಕೊಂಡಿದ್ದ ಕಂಪೈಲರ್ ಒಮ್ಮೆಗೇ ಗಂಟಲು ಬಿಚ್ಚಿತು. ಇನ್ನೂರ ಹದಿಮೂರು ತಕರಾರು. ಪರದೆ ಕೆಂಪಾಗಿ ಸಿಂಹವೇ ಅಬ್ಬರಿಸಿದಂತಾಯಿತು. ಆ ವಾರ ಕಳಿಸಬೇಕಾದ ಎರಡು ಪ್ರೋಗ್ರಾಂ ಬಾಗಿಲಲ್ಲೇ ನಿಂತವು. ಹುಡುಗರು ಮೇಜಿನ ಸುತ್ತ ಸೇರಿ ಬೇಡಿಕೊಂಡರು, ಆಮೇಲೆ ಬೈದರು. ರವಿಕಿರಣ ಎಷ್ಟು ದಿನ ಬೇಕು ಎಂದು ಕೇಳಿದ. ಗೊತ್ತಿಲ್ಲ, ಇನ್ನೂ ಎರಡನೆಯದನ್ನು ಓದುತ್ತಿದ್ದೇನೆ ಎಂದ ಸುಬ್ರಮಣಿ. ಮುಂದಿನ ತಿಂಗಳು ಅವನ ಕೆಲಸದ ವಿಷಯ ಕುಳಿತು ಮಾತಾಡಬೇಕಾಗುತ್ತದೆ ಎಂದು ಮೇಲಿನ ಮಹಡಿಯಿಂದ ಮಾತು ಬಂತು.

ಅದರ ಮರು ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ಯಾರೂ ಇರಲಿಲ್ಲ. ಸುಬ್ರಮಣಿ ತಕರಾರುಗಳನ್ನೆಲ್ಲ ಅಚ್ಚು ಹಾಕಿಸಿ ತಂದು ನಡುಮನೆಯ ಚಾಪೆಯ ಮೇಲೆ ಹರಡಿಕೊಂಡು ಕುಳಿತಿದ್ದ. ಒಂದು ಸಾಲಿಗೆ ಬೆರಳು, ಒಂದು ಬಾಣಕ್ಕೆ ಬೆರಳು. ಗೊತ್ತಾಗದ ಪದ ಬಂದಲ್ಲಿ ಪೆನ್ಸಿಲಿನ ಗುರುತು. ತಂದೆ ಹೋದ ದಿನದಿಂದ ಶಶಿರೇಖಾ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ತಟ್ಟೆಯನ್ನು ಸದ್ದಿಲ್ಲದೆ ಇಟ್ಟು ಸದ್ದಿಲ್ಲದೆ ತೆಗೆಯುತ್ತಿದ್ದಳು. ಅಂದು ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತು ಆ ಹಾಳೆಗಳನ್ನೂ ಆ ಬೆರಳನ್ನೂ ನೋಡಿದಳು.

"ಇನ್ನೆಷ್ಟಿದೆ?" ಎಂದಳು.

ಅವನು ತಲೆಯೆತ್ತಲಿಲ್ಲ, ಎತ್ತಿದರೆ ಸಾಲು ತಪ್ಪುತ್ತಿತ್ತು. ನೂರಾ ತೊಂಬತ್ತಾರು ಎಂದ.

ಅವಳು ಒಳಗೆ ಹೋದಳು. ಒಗ್ಗರಣೆಯ ಸದ್ದು ಕೇಳಿಸಿತು. ಉಪ್ಪಿಟ್ಟಿನ ತಟ್ಟೆ ತಂದು, ಹಾಳೆಗಳು ಕದಡದ ಹಾಗೆ ನಾಲ್ಕನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿ, ಅವನ ಎದುರು ಕುಳಿತಳು.

"ಆರೋಗುತ್ತೆ. ತಿಂದ್ಕೊಂಡು ಓದಿ."